ರೊಟ್ಟಿ ಬಡಿಯುವ ಕಟ್ಟೆ, ಕೂಲರಿನ ಕಿಟಕಿ: ಬಾಳುವ ರೀತಿಗೆ ಒಪ್ಪುವ ಒಳಾಂಗಣ

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆಯ ಕಡೆ 30×40 ಅಡಿಯ ನಿವೇಶನದಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟಿಸಿದ್ದೇವೆ. ಪೂರ್ವದ ಬಾಗಿಲು, ಒಂದು ಹಾಲ್, ಆಗ್ನೇಯದಲ್ಲಿ ಅಡುಗೆಮನೆ, ಎರಡು ಮಲಗುವ ಕೋಣೆ. ಗಿಲಾವು ಮುಗಿದಿದೆ, ನೆಲ ಹಾಸುವುದು ಬಾಕಿ ಇದೆ. ನಾನು ಶಾಲಾ ಶಿಕ್ಷಕಿ. ನಮ್ಮ ಯಜಮಾನರು ತೊಗರಿಯ ಅಡತಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಜೊತೆಗೆ ಮೊಣಕಾಲು ನೋವಿರುವ ಅತ್ತೆ, ಎಸ್ಸೆಸ್ಸೆಲ್ಸಿ ಓದುವ ಮಗಳು, ನಾಲ್ಕನೇ ತರಗತಿಯ ಮಗ ಇದ್ದಾರೆ. ಆಳಂದ ತಾಲ್ಲೂಕಿನ ನಮ್ಮ ಊರಿನಿಂದ ಆಸ್ಪತ್ರೆಗೆ, ಕಾಲೇಜಿಗೆ ಎಂದು ಬಂಧುಗಳು ಬಂದು ಉಳಿಯುವುದು ಸದಾ ಇದ್ದದ್ದೇ. ವರ್ಷದ ಜೋಳ, ಬೇಳೆ ಊರಿನಿಂದಲೇ ಬರುತ್ತವೆ. ಒಳಾಂಗಣದ ಗುತ್ತಿಗೆದಾರರು ಮಾಡ್ಯುಲರ್ ಕಿಚನ್, ಎಲ್ಲ ಕೋಣೆಗಳಿಗೂ ಫಾಲ್ಸ್ ಸೀಲಿಂಗ್, ಹಾಲಿನಲ್ಲಿ ಗೋಡೆ ತುಂಬ ಟಿವಿ ಯೂನಿಟ್, ಸೋಫಾ ಸೆಟ್ ಸೇರಿಸಿ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದ್ದಾರೆ. ನೋಡಲು ಬಹಳ ಚೆನ್ನಾಗಿದೆ, ಆದರೆ ನಮ್ಮ ದಿನಚರಿ ಅದರಲ್ಲಿ ಎಲ್ಲಿ ಹೊಂದುತ್ತದೆ ಎಂಬುದು ತಿಳಿಯುತ್ತಿಲ್ಲ. ಇರುವ ಹಣದಲ್ಲಿ ಯಾವುದನ್ನು ಮೊದಲು ಮಾಡಿಸಬೇಕು? ಫಾಲ್ಸ್ ಸೀಲಿಂಗ್ ಹಾಕಿಸಿದರೆ ಬೇಸಿಗೆಯ ಝಳ ಕಡಿಮೆಯಾಗುತ್ತದೆಯೇ? ಮಾವನವರ ಕಾಲದ ಸಾಗುವಾನಿ ಕಪಾಟನ್ನು ಇಟ್ಟುಕೊಳ್ಳಬಹುದೇ?

ಉತ್ತರ: ಗುತ್ತಿಗೆದಾರರ ಪಟ್ಟಿಗಿಂತ ನಿಮ್ಮ ಮನೆಯವರ ಬಗ್ಗೆ ನೀವು ಬರೆದಿರುವ ನಾಲ್ಕು ಸಾಲುಗಳೇ ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿವೆ. ಮೊಣಕಾಲು ನೋವಿನ ಅತ್ತೆ, ಬೆಳಗ್ಗೆ ಬೇಗ ಮನೆ ಬಿಡುವ ದಂಪತಿ, ಪರೀಕ್ಷೆಗೆ ಓದುವ ಮಗಳು, ಯಾವ ಹೊತ್ತಿಗಾದರೂ ಬಂದಿಳಿಯುವ ಬಂಧುಗಳು, ವರ್ಷಕ್ಕಾಗುವಷ್ಟು ಜೋಳದ ಚೀಲಗಳು: ಒಳಾಂಗಣ ವಿನ್ಯಾಸವು ಇವಿಷ್ಟಕ್ಕೆ ಜಾಗ ಮಾಡಿಕೊಟ್ಟರೆ ಮನೆ ಚೆನ್ನಾಗಿಯೇ ಕಾಣುತ್ತದೆ, ಇವನ್ನು ಮರೆತು ಮಾಡಿದ ಅಲಂಕಾರ ಎಷ್ಟೇ ದುಬಾರಿಯಾಗಿದ್ದರೂ ಆರು ತಿಂಗಳೊಳಗೆ ಚೀಲ, ಹಾಸಿಗೆ, ಬಕೆಟ್ಟುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲಿನ ತಡೆ ಮತ್ತು ಕೂಲರಿನ ವ್ಯವಸ್ಥೆ, ಅಡುಗೆ ಕಟ್ಟೆಯ ಎತ್ತರ, ಅತ್ತೆಯವರ ಬಚ್ಚಲುಮನೆ, ಕಾಳು ಮತ್ತು ಹಾಸಿಗೆಗಳ ಜಾಗ, ಇವುಗಳಿಗೆ ಹಣವನ್ನು ಮೊದಲು ತೆಗೆದಿಡಿ. ಫಾಲ್ಸ್ ಸೀಲಿಂಗ್ ಮತ್ತು ಗೋಡೆ ತುಂಬುವ ಟಿವಿ ಯೂನಿಟನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆಸಿರಿ.

ಬಡಿಗರನ್ನು ಕರೆಯುವ ಮೊದಲು ಒಂದು ಕೆಲಸ ಮಾಡಬೇಕೆಂದು ಕೋರುತ್ತೇನೆ. ಈಗ ಇರುವ ಮನೆಯಲ್ಲಿ ಒಂದು ವಾರದ ಮಟ್ಟಿಗೆ ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ಏನು ಮಾಡುತ್ತಾರೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಸ್ತುಗಳು ತಾವಾಗಿಯೇ ಗುಡ್ಡೆ ಬೀಳುವ ಜಾಗಗಳನ್ನೂ ಗುರುತು ಮಾಡಿಕೊಳ್ಳಿ. ನೀವು ಶಾಲೆಯಿಂದ ತರುವ ಉತ್ತರಪತ್ರಿಕೆಗಳ ಕಟ್ಟು ಪ್ರತಿದಿನ ಊಟದ ಮೇಜಿನ ಮೂಲೆಗೇ ಬರುತ್ತಿದ್ದರೆ, ಯಜಮಾನರ ಬೈಕಿನ ಕೀಲಿಯೂ ರಸೀತಿಗಳೂ ಫ್ರಿಜ್ಜಿನ ಮೇಲೆಯೇ ಸೇರುತ್ತಿದ್ದರೆ, ಒಗೆದು ಮಡಿಸದ ಬಟ್ಟೆ ಯಾವಾಗಲೂ ಒಂದೇ ಕುರ್ಚಿಯ ಮೇಲೆ ಬೀಳುತ್ತಿದ್ದರೆ, ಅದನ್ನು ಅಶಿಸ್ತು ಎಂದು ತಿಳಿಯಬೇಡಿ. ಮನುಷ್ಯರ ಕೈ ಸಹಜವಾಗಿ ಎಲ್ಲಿ ವಸ್ತುವನ್ನು ಇಳಿಸುತ್ತದೆಯೋ ಅಲ್ಲಿ ಹಲಗೆ ಇಲ್ಲ ಎಂಬುದಷ್ಟೇ ಅದರ ಅರ್ಥ. ಹೊಸ ಮನೆಯಲ್ಲಿ ಅದೇ ಜಾಗಕ್ಕೆ ಒಂದು ಗೂಡು, ಒಂದು ಮೊಳೆಪಟ್ಟಿ, ಒಂದು ಬುಟ್ಟಿ ಒದಗಿಸಿದರೆ ಅರ್ಧ ಗಲಾಟೆ ತಾನಾಗಿಯೇ ಇಲ್ಲವಾಗುತ್ತದೆ. ಈ ಬರಹವನ್ನು ಗುತ್ತಿಗೆದಾರರ ಮುಂದಿಟ್ಟು, ಪ್ರತಿಯೊಂದು ಕಪಾಟಿನಲ್ಲಿ ಏನಿರುತ್ತದೆ, ಅದನ್ನು ಯಾರು ತೆಗೆಯುತ್ತಾರೆ ಎಂದು ಕೇಳಿರಿ. ಉತ್ತರವಿಲ್ಲದ ಕಪಾಟನ್ನು ಮಾಡಿಸಬೇಡಿ.

ಇನ್ನು ನಿಮ್ಮ ಝಳದ ಪ್ರಶ್ನೆ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ, ಉಷ್ಣಾಂಶ 40 ಡಿಗ್ರಿ ದಾಟಿರುವ ಕಾಲವೂ ಅದೇ. ಒಂದಂತಸ್ತಿನ ಮನೆಯಲ್ಲಿ ಆ ಬಿಸಿಲನ್ನು ಅತಿ ಹೆಚ್ಚು ಕುಡಿಯುವುದು ಆರ್‌ಸಿಸಿ ಸ್ಲ್ಯಾಬು. ಹಗಲೆಲ್ಲ ಕಾದ ಸ್ಲ್ಯಾಬು ಸಂಜೆಯಿಂದ ತನ್ನ ಕಾವನ್ನು ಕೆಳಕ್ಕೆ ಬಿಡುತ್ತದೆ. ಹೊರಗೆ ಗಾಳಿ ತಂಪಾದ ಮೇಲೂ ಒಳಗೆ ರಾತ್ರಿ ಹನ್ನೊಂದರವರೆಗೆ ತಲೆಯ ಮೇಲಿನಿಂದ ಝಳ ಇಳಿಯುವುದು ಇದರಿಂದಲೇ. ಫಾಲ್ಸ್ ಸೀಲಿಂಗ್ ಈ ಕಾವಿಗೆ ಸ್ವಲ್ಪ ಮರೆಯಾಗುತ್ತದೆ ಎಂಬುದು ನಿಜ. ಆದರೆ ಅದು ಸ್ಲ್ಯಾಬಿನ ಒಳಗೆ ಈಗಾಗಲೇ ಸೇರಿಕೊಂಡ ಕಾವಿಗೆ ಹಾಕುವ ಪರದೆ. ಹತ್ತು ಅಡಿಯ ಎತ್ತರದಲ್ಲಿ ಮುಕ್ಕಾಲು ಅಡಿಯನ್ನು ನುಂಗುತ್ತದೆ, ಫ್ಯಾನನ್ನು ಕೆಳಕ್ಕೆ ತರುತ್ತದೆ, ಇಲಿ ಹಲ್ಲಿಗಳಿಗೆ ಮನೆಯಾಗುತ್ತದೆ. ಕಾವು ಸ್ಲ್ಯಾಬಿಗೆ ಸೇರದ ಹಾಗೆ ಮೇಲಿನಿಂದಲೇ ತಡೆಯುವುದು ಇದಕ್ಕಿಂತ ಎಷ್ಟೋ ಪರಿಣಾಮಕಾರಿ, ಎಷ್ಟೋ ಅಗ್ಗ. ಪ್ರತಿವರ್ಷ ಬೇಸಿಗೆ ಕಾಲಿಡುವ ಮೊದಲು ಮಾಳಿಗೆಯ ಮೇಲೆ ದಪ್ಪನಾಗಿ ಸುಣ್ಣ ಬಳಿಸಿರಿ, ಇಲ್ಲವೇ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪನವನ್ನೋ ಬಿಳಿ ಟೈಲ್ಸನ್ನೋ ಹಾಕಿಸಿರಿ. ಬಿಳಿಯ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳದೆ ಹಿಂದಿರುಗಿಸುತ್ತದೆ. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಅದನ್ನು ವರ್ಷವರ್ಷವೂ ಮಾಡಲೇಬೇಕು. ಹೀಗೆ ಮಾಡಿ ಒಂದು ಬೇಸಿಗೆ ಕಳೆಯಿರಿ; ಆಮೇಲೂ ಬೇಕೆನಿಸಿದರೆ ಪಶ್ಚಿಮದ ಕೋಣೆಯೊಂದಕ್ಕೆ ಮಾತ್ರ ಸೀಲಿಂಗ್ ಮಾಡಿಸಿಕೊಳ್ಳಬಹುದು.

ಪಶ್ಚಿಮದ ಕೋಣೆ ಎಂದು ಹೇಳಿದ್ದಕ್ಕೆ ಕಾರಣವಿದೆ. ವಾಸ್ತುವಿನ ಪ್ರಕಾರ ಯಜಮಾನರ ಮಲಗುವ ಕೋಣೆ ನೈಋತ್ಯದಲ್ಲಿ ಬರುತ್ತದೆ, ನಿಮ್ಮದೂ ಹಾಗೆಯೇ ಇದೆ ಎಂದು ಊಹಿಸುತ್ತೇನೆ. ನಮ್ಮ ಸೀಮೆಯಲ್ಲಿ ಮಧ್ಯಾಹ್ನ ಎರಡರಿಂದ ಮುಳುಗುವವರೆಗಿನ ಬಿಸಿಲು ಆ ಕೋಣೆಯ ಪಡುವಣ ಗೋಡೆಯ ಮೇಲೆ ಬೀಳುತ್ತದೆ. ಕೋಣೆಯ ಜಾಗ ಬದಲಿಸುವುದು ಈಗ ಸಾಧ್ಯವಿಲ್ಲ. ಆದರೆ ಬಟ್ಟೆಯ ಕಪಾಟನ್ನು ಆ ಗೋಡೆಯ ಉದ್ದಕ್ಕೆ ನಿಲ್ಲಿಸಬಹುದು. ಎರಡು ಅಡಿ ಆಳದ, ಬಟ್ಟೆ ತುಂಬಿದ ಕಪಾಟು ಕಾದ ಗೋಡೆಗೂ ಮಂಚಕ್ಕೂ ನಡುವೆ ಒಳ್ಳೆಯ ತಡೆಯಾಗಿ ನಿಲ್ಲುತ್ತದೆ. ಗುತ್ತಿಗೆದಾರರ ಚಿತ್ರದಲ್ಲಿ ಮಂಚದ ತಲೆದೆಸೆ ಪಡುವಣ ಗೋಡೆಗೆ ಇದ್ದರೆ ತಪ್ಪದೆ ಬದಲಿಸಿ.

ಕೂಲರಿನ ವಿಷಯವನ್ನು ಯಾವ ಚಿತ್ರದಲ್ಲಿಯೂ ತೋರಿಸುವುದಿಲ್ಲ, ಆದರೆ ಮಾರ್ಚಿನಿಂದ ಜೂನ್ ಮೊದಲ ಮಳೆಯವರೆಗೆ ಕಲಬುರಗಿಯ ಮನೆಯೊಳಗಿನ ಜೀವನವೆಲ್ಲ ಅದರ ಸುತ್ತಲೇ ನಡೆಯುತ್ತದೆ. ಕೂಲರ್ ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಹೊರಗಿನ ಗಾಳಿ 42 ಡಿಗ್ರಿ ಇದ್ದು ತೇವಾಂಶ ನೂರಕ್ಕೆ ಇಪ್ಪತ್ತರಷ್ಟಿದ್ದರೆ, ಒಳ್ಳೆಯ ಕೂಲರಿನ ಒದ್ದೆ ಪ್ಯಾಡಿನ ಮೂಲಕ ಹಾದ ಗಾಳಿ ಸುಮಾರು 28ರಿಂದ 30 ಡಿಗ್ರಿಗೆ ಇಳಿಯಬಲ್ಲದು. ಇದೇ ಕೂಲರನ್ನು ಕಿಟಕಿ ಮುಚ್ಚಿದ ಕೋಣೆಯೊಳಗೆ ಇಟ್ಟರೆ ಅದು ಒಳಗಿನ ಒದ್ದೆ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಒಂದು ಗಂಟೆಯಲ್ಲಿ ಮೈ ಜಿಗುಟಾಗಿ, ತಂಪೂ ಇಲ್ಲದ ನಿದ್ದೆಯೂ ಇಲ್ಲದ ಸ್ಥಿತಿ ಬರುತ್ತದೆ. ಕೂಲರಿನ ಬೆನ್ನು ಹೊರಗಿನ ಗಾಳಿಗೆ ತೆರೆದಿರಬೇಕು, ಸಾಧ್ಯವಾದರೆ ನೆರಳಿನಲ್ಲಿರಬೇಕು. ಕೋಣೆಯ ಎದುರು ಮಗ್ಗುಲಿನಲ್ಲಿ ಒಳಗೆ ಬಂದ ಗಾಳಿ ಹೊರಹೋಗಲು ಕೂಲರಿನ ಬಾಯಿಗಿಂತ ಚಿಕ್ಕದಲ್ಲದ ತೆರವು ಇರಬೇಕು. 10×12 ಅಡಿಯ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವುದು 1200 ಘನ ಅಡಿ ಗಾಳಿ. ಅದು ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗಬೇಕಾದರೆ ಗಂಟೆಗೆ ಹೆಚ್ಚೆಂದರೆ 1000 ಘನ ಮೀಟರ್ ಗಾಳಿ ಕೊಡುವ ಕೂಲರ್ ಸಾಕು. ಅಂಗಡಿಯವರು ಹೇಳುವ ಅತಿ ದೊಡ್ಡದನ್ನು ಕೊಂಡರೆ ಸದ್ದೂ ನೀರಿನ ಖರ್ಚೂ ಹೆಚ್ಚುತ್ತವೆ.

ನೆಲ ಹಾಸುವ ಮೊದಲೇ ನಿರ್ಧರಿಸಬೇಕಾದದ್ದು ಇಲ್ಲಿದೆ. ಉತ್ತರ ಅಥವಾ ಪೂರ್ವದ ಒಂದೊಂದು ಕಿಟಕಿಯನ್ನು ಕೂಲರಿಗೆಂದು ಗೊತ್ತುಮಾಡಿ. ಅದರ ಹೊರಗೆ ಕೂಲರಿನ ಭಾರ ತಾಳುವ ಕಬ್ಬಿಣದ ಸ್ಟ್ಯಾಂಡು, ಪಕ್ಕದಲ್ಲಿ ಒಂದು ವಿದ್ಯುತ್ ಪಾಯಿಂಟು, ಮಾಳಿಗೆಯ ಟ್ಯಾಂಕಿನಿಂದ ಇಳಿದ ಪೈಪಿಗೆ ಒಂದು ಸಣ್ಣ ನಲ್ಲಿ, ಬಸಿದ ನೀರು ಹರಿದುಹೋಗಲು ಒಂದು ಪೈಪು, ಇಷ್ಟನ್ನು ಈಗಲೇ ಮಾಡಿಸಿರಿ. ಬೇಸಿಗೆಯಲ್ಲಿ ಒಂದು ಕೂಲರ್ ದಿನಕ್ಕೆ ಹತ್ತಾರು ಲೀಟರ್ ನೀರು ಕುಡಿಯುತ್ತದೆ. ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುವ ಕೆಲಸ ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೋ ಮಕ್ಕಳ ಪಾಲಿಗೋ ಬರುತ್ತದೆ. ಒಂದು ನಲ್ಲಿಯ ಖರ್ಚಿನಲ್ಲಿ ಆ ದಿನನಿತ್ಯದ ಶ್ರಮ ತಪ್ಪುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಒರೆಸಬೇಕು, ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಇನ್ನೊಂದು ಮಾತು: ಕೂಲರಿನ ಒದ್ದೆ ಗಾಳಿ ನೇರವಾಗಿ ಹೊಡೆಯುವ ಕಡೆಗೆ ಪ್ಲೈವುಡ್ ಕಪಾಟನ್ನಾಗಲಿ ಪುಸ್ತಕಗಳನ್ನಾಗಲಿ ಇಡಬೇಡಿ. ಲ್ಯಾಮಿನೇಟಿನ ಅಂಚುಗಳು ಎರಡು ಬೇಸಿಗೆಯಲ್ಲಿ ಏಳಲು ಶುರುವಾಗುತ್ತವೆ.

ಅಡುಗೆಮನೆಯ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಸಿದ್ಧ ಮಾದರಿಯ ಮಾಡ್ಯುಲರ್ ಕಿಚನ್ನುಗಳು ನಮ್ಮ ಭಾಗದ ಅಡುಗೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅವುಗಳ ಕಟ್ಟೆ ಸಾಮಾನ್ಯವಾಗಿ 34 ಇಂಚು ಇರುತ್ತದೆ. ಅದು ತರಕಾರಿ ಹೆಚ್ಚುವುದಕ್ಕೆ, ಒಗ್ಗರಣೆ ಹಾಕುವುದಕ್ಕೆ ಸರಿಹೋಗಬಹುದು. ಜೋಳದ ರೊಟ್ಟಿ ಬಡಿಯುವ ಕೆಲಸವೇ ಬೇರೆ. ಹಿಟ್ಟಿಗೆ ಕುದಿನೀರು ಬೆರೆಸಿ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಉಂಡೆಯನ್ನು ಹಿಟ್ಟಿನ ಮೇಲಿಟ್ಟು ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ತಿರುಗಿಸುತ್ತ ಹೋಗಬೇಕು. ಬಡಿಯುವ ಬಲವೆಲ್ಲ ಭುಜದಿಂದ ಇಳಿಯುತ್ತದೆ. ಕಟ್ಟೆ ಎತ್ತರವಾಗಿದ್ದರೆ ಭುಜ ಮೇಲಕ್ಕೆದ್ದು ನಿಲ್ಲುತ್ತದೆ, ಇಪ್ಪತ್ತು ರೊಟ್ಟಿ ಮುಗಿಯುವ ಹೊತ್ತಿಗೆ ಕುತ್ತಿಗೆಯಿಂದ ಮೊಣಕೈವರೆಗೆ ಸೆಳೆತ ಶುರುವಾಗುತ್ತದೆ. ಹೊಸ ಅಡುಗೆಮನೆ ಮಾಡಿಸಿದ ಮೇಲೆ ಭುಜ ನೋವು ಬಂದಿತು ಎಂದು ಹೇಳುವ ಹೆಣ್ಣುಮಕ್ಕಳನ್ನು ಈ ಊರಿನಲ್ಲಿ ಬಹಳ ಕಂಡಿದ್ದೇನೆ.

ದೇಹದ ಅಳತೆಯಿಂದ ಕೆಲಸದ ಎತ್ತರ ಗೊತ್ತುಮಾಡುವ ಶಾಸ್ತ್ರವು ಹೇಳುವುದು ಹೀಗೆ: ನಿಂತು ಮಾಡುವ ಹಗುರ ಕೆಲಸಕ್ಕೆ ಕಟ್ಟೆಯು ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗಿರಬೇಕು, ಬಲ ಹಾಕುವ ಕೆಲಸಕ್ಕೆ 15ರಿಂದ 40 ಸೆಂಟಿಮೀಟರ್‌ವರೆಗೆ ಕೆಳಗಿರಬೇಕು. ನೀವು ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವವರಾದರೆ ಬರಿಗಾಲಲ್ಲೇ ನೆಟ್ಟಗೆ ನಿಂತು, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಅಳೆಯಿಸಿರಿ. ಐದು ಅಡಿ ಎತ್ತರದವರಿಗೆ ಅದು ಸುಮಾರು 38 ಇಂಚು ಬರುತ್ತದೆ. ಅದರಲ್ಲಿ ಐದು ಇಂಚು ಕಳೆದರೆ ಹೆಚ್ಚುವ ಕಟ್ಟೆ 33 ಇಂಚು. ಹತ್ತು ಇಂಚು ಕಳೆದರೆ ರೊಟ್ಟಿಯ ಕಟ್ಟೆ 28 ಇಂಚು. ಅಂದರೆ ಒಂದೇ ಮಟ್ಟದ ಉದ್ದನೆಯ ಕಟ್ಟೆಯನ್ನು ಬಿಟ್ಟು ಎರಡು ಮಟ್ಟ ಮಾಡಿಸಬೇಕು. ಸಿಂಕು ಮತ್ತು ಹೆಚ್ಚುವ ಜಾಗ 33 ಇಂಚಿನಲ್ಲಿರಲಿ. ಒಂದು ತುದಿಗೆ, ಕಿಟಕಿಯ ಬಳಿ, ಮೂರೂವರೆಯಿಂದ ನಾಲ್ಕು ಅಡಿ ಉದ್ದದ ಭಾಗ 28 ಇಂಚಿನಲ್ಲಿರಲಿ. ಅಲ್ಲಿ ಒಂದು ಕಡೆ ಒಲೆ, ಅದರ ಪಕ್ಕದಲ್ಲೇ ಬಡಿಯುವ ಜಾಗ. ಒಲೆಯ ಎತ್ತರವನ್ನೂ ಸೇರಿಸಿದರೆ ಹಂಚು ಸುಮಾರು 33 ಇಂಚಿಗೆ ಬರುತ್ತದೆ. ರೊಟ್ಟಿಯ ಮೇಲೆ ನೀರು ಸವರುವುದಕ್ಕೂ ಮಗುಚುವುದಕ್ಕೂ ಅದು ಹದವಾದ ಎತ್ತರ, ಕೈ ಮೇಲೆತ್ತಿ ಹಬೆಯ ಮೇಲೆ ಚಾಚಬೇಕಾಗುವುದಿಲ್ಲ.

ಈ 28 ಇಂಚಿನ ಕಟ್ಟೆಯನ್ನು ಒತ್ತಿ ಹೇಳಲು ಮತ್ತೊಂದು ಕಾರಣ ನಿಮ್ಮ ಅತ್ತೆಯವರು. ಬಡಿಯುವ ಭಾಗದ ಕೆಳಗೆ ಕಪಾಟು ಮಾಡಿಸದೆ ಖಾಲಿ ಬಿಡಿಸಿರಿ. ಊಟದ ಮೇಜಿನ ಎತ್ತರವೂ ಸುಮಾರು ಅಷ್ಟೇ ಇರುವುದರಿಂದ 17-18 ಇಂಚಿನ ಕುರ್ಚಿಯೊಂದನ್ನು ಎಳೆದುಕೊಂಡು, ಕಾಲನ್ನು ಕೆಳಗೆ ಚಾಚಿ, ಅವರು ಕೂತೇ ರೊಟ್ಟಿ ಬಡಿಯಬಹುದು, ಸೊಪ್ಪು ಸೋಸಬಹುದು. ಬದುಕಿನುದ್ದಕ್ಕೂ ನೆಲದ ಮೇಲೆ ಕೂತು ರೊಟ್ಟಿ ಮಾಡಿದವರಿಗೆ ಮೊಣಕಾಲು ಮಡಿಸಲು ಬಾರದಾದಾಗ ಅಡುಗೆಯಿಂದಲೇ ದೂರವಾಗುವ ನೋವು ದೊಡ್ಡದು. ಕಟ್ಟೆಯ ಐದಾರು ಇಂಚು ಅದನ್ನು ತಪ್ಪಿಸಬಲ್ಲದು. ಹಳೆಯ ರೂಢಿಯೆಂದು ಒಲೆಯನ್ನು ನೆಲದ ಮೇಲೆ ಇಡಿಸುವ ಯೋಚನೆ ಮಾತ್ರ ಬೇಡ. ಗ್ಯಾಸಿನ ಒಲೆ ಯಾವಾಗಲೂ ಸಿಲಿಂಡರಿಗಿಂತ ಮೇಲಿರಬೇಕು, ಸಿಲಿಂಡರ್ ನೆಲದ ಮೇಲೆ ನೆಟ್ಟಗೆ ನಿಂತಿರಬೇಕು. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗೇ ಶೇಖರವಾಗುತ್ತದೆ. ಸಿಲಿಂಡರನ್ನು ಕಪಾಟಿನೊಳಗೆ ಇಡುವುದಾದರೆ ಆ ಬಾಗಿಲಿನ ಬುಡದಲ್ಲಿ ಗಾಳಿಯಾಡುವ ತೂತುಗಳು ಇರಲೇಬೇಕು.

ಚಿಮಣಿಯನ್ನು ಕೇಳಿಲ್ಲವಾದರೂ ಪಟ್ಟಿಯಲ್ಲಿ ಇರುತ್ತದೆ ಎಂದು ತಿಳಿದು ಹೇಳುತ್ತೇನೆ: ಹೊರಕ್ಕೆ ಪೈಪ್ ಇಲ್ಲದ ಚಿಮಣಿ ಶಾಖವನ್ನು ಹೊರಹಾಕುವುದಿಲ್ಲ. ಒಲೆಯ ಮೇಲ್ಭಾಗದ ಗೋಡೆಯಲ್ಲಿ ಒಂದು ಅಡಿಯ ಎಕ್ಸಾಸ್ಟ್ ಫ್ಯಾನು, ಅದರ ಎದುರು ಮಗ್ಗುಲಿನಿಂದ ಗಾಳಿ ಒಳಬರುವ ಕಿಟಕಿ ಇದ್ದರೆ ರೊಟ್ಟಿಯ ಕಾವಿಗೂ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೂ ಸಾಕು.

ಕಟ್ಟೆಯ ಕೆಳಗಿನ ಕಪಾಟುಗಳನ್ನು ಯಾವುದರಿಂದ ಮಾಡಿಸಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ನಮ್ಮ ಜಿಲ್ಲೆಯ ಕಲ್ಲನ್ನು ನಾವು ಮರೆಯಬಾರದು. ಶಹಾಬಾದಿನ ಫರ್ಸಿ ದೂರದೂರಿನವರಿಗೆ ತೋಟದ ದಾರಿಗೆ ಹಾಸುವ ಅಲಂಕಾರ, ನಮಗೆ ಅದು ಮನೆಯ ಬಾಗಿಲಲ್ಲಿ ಸಿಗುವ ಕಲ್ಲು. ಎರಡು ಅಡಿ ಆಳಕ್ಕೆ ಫರ್ಸಿಯನ್ನೋ ಕಡಪ ಕಲ್ಲನ್ನೋ ನಿಲುವಾಗಿಯೂ ಅಡ್ಡವಾಗಿಯೂ ನಿಲ್ಲಿಸಿ ಖಾನೆಗಳನ್ನು ಮಾಡಿಸಿ, ಮುಂದೆ ಮಾತ್ರ ಬಾಗಿಲು ಹಾಕಿಸಿದರೆ, ಗೆದ್ದಲು ಹತ್ತುವುದಿಲ್ಲ, ನೆಲಕ್ಕೆ ನೀರು ಸುರಿದು ತೊಳೆದರೂ ಉಬ್ಬುವುದಿಲ್ಲ, ಬೇಳೆಯ ಡಬ್ಬಿಗಳ ಭಾರಕ್ಕೆ ಬಾಗುವುದಿಲ್ಲ. ಪ್ಲೈವುಡ್ಡನ್ನೇ ಬಳಸುವುದಾದರೆ ಸಿಂಕಿನ ಸುತ್ತ ನೀರು ತಾಳುವ ಪ್ಲೈವುಡ್ಡಿಗೆ ಕೊಡುವ ಐಎಸ್ 710 ಗುರುತಿನ ಹಲಗೆಯನ್ನೇ ಕೇಳಿ ಪಡೆಯಿರಿ. ಪುಡಿಮರದ ಹಲಗೆ ಅಗ್ಗವೆಂದು ಒಪ್ಪಿಕೊಳ್ಳಬೇಡಿ. ಒಮ್ಮೆ ನೀರು ಕುಡಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ. ನೆಲಕ್ಕೂ ನಾನು ಪಾಲಿಶ್ ಮಾಡಿದ ಫರ್ಸಿಯನ್ನೇ ಹೇಳುತ್ತೇನೆ, ಬೇಸಿಗೆಯಲ್ಲಿ ಬರಿಗಾಲಿಗೂ ಬರಿಮೈಗೂ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಕಟ್ಟೆಯ ಮೇಲ್ಗಲ್ಲಿಗೆ ಫರ್ಸಿ ಬೇಡ, ಗ್ರಾನೈಟ್ ಹಾಕಿಸಿ. ಫರ್ಸಿ ಸುಣ್ಣದ ಕಲ್ಲು; ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಮಾಸಿ ಗುರುತು ಉಳಿಯುತ್ತದೆ. ಇದೇ ಕಾರಣಕ್ಕೆ ಫರ್ಸಿ ನೆಲವನ್ನು ಯಾರೂ ಆ್ಯಸಿಡ್ ಹಾಕಿ ತೊಳೆಯದಂತೆ ಮನೆಗೆಲಸದವರಿಗೂ ಹೇಳಿಡಬೇಕು.

ಅಡುಗೆಮನೆಯಲ್ಲೇ ಕುಡಿಯುವ ನೀರಿಗೆ ಒಂದು ಸ್ಥಳ ಗೊತ್ತುಮಾಡಿ. 20 ಲೀಟರಿನ ಕ್ಯಾನು ಎತ್ತುವ ಕೆಲಸ ಕಡಿಮೆಯಾಗಬೇಕಾದರೆ ಅದು ನೆಲದಿಂದ ಎರಡು ಅಡಿಯ ಕಲ್ಲುಹಲಗೆಯ ಮೇಲೆ, ನಲ್ಲಿಯ ಸಮೇತ ಇರಬೇಕು. ಬೇಸಿಗೆಯ ಮಣ್ಣಿನ ಗಡಿಗೆಗೆ ಕಪಾಟಿನ ಒಳಗಿನ ಜಾಗ ಕೊಡಬೇಡಿ. ಅದು ತಂಪಾಗುವುದು ಮೈಯಿಂದ ಜಿನುಗಿದ ನೀರನ್ನು ಗಾಳಿ ಒಯ್ಯುವುದರಿಂದ, ಕಿಟಕಿಯ ಬಳಿ ಗಾಳಿ ಆಡುವ ಕಡೆಯೇ ಅದರ ಜಾಗ.

ಹಾಲಿನ ವಿಷಯಕ್ಕೆ ಬರೋಣ. ಕಲಬುರಗಿಯ ಹಳೆಯ ಬಡಾವಣೆಗಳಲ್ಲಿಯೂ ಹಳ್ಳಿಯ ವಾಡೆಗಳಲ್ಲಿಯೂ ಇರುವ ಪಡಸಾಲೆಯನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಅಲ್ಲಿ ಕಾಳು ಹಸನು ಮಾಡುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಸಾಲು ಹಾಕುತ್ತಿದ್ದರು, ಸಂಜೆ ಬಂದವರನ್ನು ಕೂರಿಸುತ್ತಿದ್ದರು, ರಾತ್ರಿ ಕೌದಿ ಹಾಸಿ ಮಲಗುತ್ತಿದ್ದರು. ನಿಮ್ಮ ಮನೆಯಲ್ಲಿಯೂ ಹಾಲ್ ಇದೇ ನಾಲ್ಕು ಕೆಲಸ ಮಾಡಬೇಕಾಗಿದೆ, ಆದರೆ ಗುತ್ತಿಗೆದಾರರು ಅದನ್ನು ಟಿವಿ ನೋಡುವ ಕೋಣೆ ಎಂದು ಮಾತ್ರ ತಿಳಿದಿದ್ದಾರೆ. ದೊಡ್ಡ ಸೋಫಾ ಸೆಟ್ಟು ನಡುವೆ ಬಂದು ಕೂತರೆ ಆಸ್ಪತ್ರೆಗೆಂದು ಊರಿನಿಂದ ಬಂದ ನಾಲ್ವರನ್ನು ಮಲಗಿಸಲು ನೆಲವೇ ಉಳಿಯುವುದಿಲ್ಲ. ಅದರ ಬದಲು ಎರಡು ಗೋಡೆಗಳ ಉದ್ದಕ್ಕೆ 17 ಇಂಚು ಎತ್ತರದ, ಎರಡೂವರೆ ಅಡಿ ಅಗಲದ ಕಟ್ಟೆಯನ್ನೋ ಮರದ ತಖ್ತನ್ನೋ ಮಾಡಿಸಿರಿ. ಹಗಲು ಅದು ಕೂರುವ ಜಾಗ, ರಾತ್ರಿ ಇಬ್ಬರ ಹಾಸಿಗೆ. ಮೇಲಿನ ಹಲಗೆ ಎತ್ತಿದರೆ ಒಳಗೆ ಕೌದಿ, ದಿಂಬು, ಚಾಪೆಗಳು ಹಿಡಿಯುತ್ತವೆ. ಹಾಸಿಗೆ ಇಡುವ ಜಾಗ ಮಲಗುವ ಜಾಗದಲ್ಲೇ ಇದ್ದುದರಿಂದ ಅತಿಥಿಗಳು ತಾವೇ ತೆಗೆದು ತಾವೇ ಮಡಿಸಿಡುತ್ತಾರೆ, ರಾತ್ರಿ ಹನ್ನೊಂದಕ್ಕೆ ಬಂದವರಿಗಾಗಿ ನೀವು ಅಟ್ಟ ಹತ್ತಬೇಕಾಗಿಲ್ಲ. ನಡುವಿನ ನೆಲ ಖಾಲಿ ಇರಲಿ. ಅತ್ತೆಯವರಿಗೆ ಮಾತ್ರ ಕೈಗಳಿರುವ ಒಂದು ಗಟ್ಟಿ ಕುರ್ಚಿ ಬೇರೆಯಾಗಿರಬೇಕು. ಕೈ ಊರಿ ಏಳಲು ಆಗದ ತಗ್ಗು ಸೋಫಾ ಮೊಣಕಾಲು ನೋವಿನವರಿಗೆ ತಕ್ಕುದಲ್ಲ.

ಕಾಳಿನ ಲೆಕ್ಕ ಹೀಗಿದೆ. ಒಂದು ಕ್ವಿಂಟಾಲ್ ಜೋಳಕ್ಕೆ ಸುಮಾರು ಐದು ಘನ ಅಡಿ ಜಾಗ ಬೇಕು. ವರ್ಷಕ್ಕೆ ಮೂರು ಕ್ವಿಂಟಾಲ್ ಎಂದಿಟ್ಟುಕೊಂಡರೂ ಎರಡು ಅಡಿ ಆಳ, ಎರಡೂವರೆ ಅಡಿ ಅಗಲ, ಮೂರು ಅಡಿ ಎತ್ತರದ ಒಂದು ಖಾನೆಯಲ್ಲಿ ಅಷ್ಟೂ ಹಿಡಿಯುತ್ತದೆ. ಹಿಂದೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಹಗೇವು ಇದ್ದಂತೆ ಇಂದು ಇದಕ್ಕೊಂದು ನಿಶ್ಚಿತ ಜಾಗ ಬೇಕು; ಇಲ್ಲವಾದರೆ ಚೀಲಗಳು ಮಂಚದ ಕೆಳಗೂ ಮಗಳ ಓದುವ ಮೇಜಿನ ಪಕ್ಕಕ್ಕೂ ಬರುತ್ತವೆ. ಅಡುಗೆಮನೆಯ ಪಕ್ಕದ ಒಣ ಗೋಡೆಗೆ, ನೆಲದಿಂದ ಆರು ಇಂಚು ಮೇಲೆ ಫರ್ಸಿಯ ಕಟ್ಟೆ ಮಾಡಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಮುಚ್ಚಳದ ಡ್ರಮ್ಮುಗಳನ್ನು ಇಡಿ. ಒಣಗಿದ ಬೇವಿನ ಸೊಪ್ಪು ಹಾಕುವ ರೂಢಿಯನ್ನು ಬಿಡಬೇಡಿ. ಕಡಕ್ ರೊಟ್ಟಿಯ ಬುಟ್ಟಿಯೂ ಇದೇ ಒಣ ಮೂಲೆಯಲ್ಲಿರಲಿ, ಕೂಲರಿನ ಗಾಳಿ ತಾಕಿದರೆ ಅದು ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

ಬಚ್ಚಲುಮನೆಯಲ್ಲಿ ಜಿಪುಣತನ ಮಾಡಬೇಡಿ. ಅತ್ತೆಯವರ ಮಂಚದಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಹೊಸ್ತಿಲಾಗಲಿ ಮೆಟ್ಟಿಲಾಗಲಿ ಇರಬಾರದು. ನೀರು ಹೊರಬರದಂತೆ ನೆಲಕ್ಕೆ ಇಳಿಜಾರು ಕೊಡಿಸಿದರೆ ಸಾಕು. ಇಲ್ಲಿ ಪಾಲಿಶ್ ಕಲ್ಲು ಬೇಡ, ಒರಟು ಮೈಯ ಫರ್ಸಿಯನ್ನೇ ಹಾಸಿರಿ. ಕಮೋಡಿನ ಆಸನ ನೆಲದಿಂದ 18 ಇಂಚು ಇದ್ದರೆ ಏಳುವುದು ಸುಲಭ. ಅದರ ಪಕ್ಕದ ಗೋಡೆಗೂ ಸ್ನಾನದ ಜಾಗದ ಗೋಡೆಗೂ 33ರಿಂದ 36 ಇಂಚಿನ ಎತ್ತರದಲ್ಲಿ ಸ್ಟೀಲಿನ ಹಿಡಿಕೆಗಳನ್ನು, ಟೈಲ್ಸಿನ ಹಿಂದಿನ ಗೋಡೆಗೆ ಬೋಲ್ಟ್ ಇಳಿಸಿ ಬಿಗಿಸಬೇಕು. ಟವೆಲ್ ಕೋಲು ಆ ಕೆಲಸಕ್ಕೆ ಬಾರದು, ಭಾರ ಬಿದ್ದಾಗ ಕಿತ್ತು ಬರುತ್ತದೆ. ಕೂತು ಸ್ನಾನ ಮಾಡಲು ಕಲ್ಲಿನ ಸಣ್ಣ ಕಟ್ಟೆ, ಕೂತಲ್ಲಿಂದಲೇ ಕೈಗೆಟುಕುವ ನಲ್ಲಿ, ಮಲಗಿದಲ್ಲಿಂದಲೇ ಒತ್ತಬಹುದಾದ ದೀಪದ ಸ್ವಿಚ್ಚು ಇರಲಿ. ಇವೆಲ್ಲ ಸೇರಿದರೂ ಟಿವಿ ಯೂನಿಟಿನ ಒಂದು ಸಣ್ಣ ಪಾಲಿನಷ್ಟು ಖರ್ಚಾಗಲಿಕ್ಕಿಲ್ಲ.

ಮಗಳ ಮೇಜು ಹಾಲಿನಲ್ಲಿ ಬೇಡ, ಟಿವಿ ಇರುವ ಗೋಡೆಯ ಬೆನ್ನಿಗೂ ಬೇಡ. ಬಲಗೈಯಲ್ಲಿ ಬರೆಯುವವಳಾದರೆ ಎಡಗಡೆಯಿಂದ ಬೆಳಕು ಬೀಳುವಂತೆ ಕಿಟಕಿಯ ಪಕ್ಕದಲ್ಲಿರಲಿ. ಮಗ ಇನ್ನೂ ಕೆಲವು ವರ್ಷ ಅಡುಗೆಮನೆಯ ಸುತ್ತಲೇ ಓದುತ್ತಾನೆ, ಅವನಿಗೆ ಈಗಲೇ ಮೇಜು ಮಾಡಿಸುವ ಅಗತ್ಯವಿಲ್ಲ. ಟಿವಿಯನ್ನು ಗೋಡೆಗೆ ತೂಗಿ, ಕೆಳಗೆ ಒಂದು ಕಲ್ಲುಹಲಗೆ ಕೊಟ್ಟರೆ ಆಯಿತು. ದೇವರ ಗೂಡನ್ನು ಮರದ ಬದಲು ಕಲ್ಲಿನಲ್ಲಿ ಮಾಡಿಸಿದರೆ ದೀಪದ ಭಯವೂ ಎಣ್ಣೆಯ ಕಲೆಯೂ ಇರುವುದಿಲ್ಲ.

ಕೆಲಸದ ಕ್ರಮದ ಬಗ್ಗೆ ಒಂದು ಮಾತು. ನಿಮ್ಮ ನಿವೇಶನ ಎರೆಮಣ್ಣಿನದ್ದಾಗಿರುವ ಸಾಧ್ಯತೆ ಹೆಚ್ಚು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಹೊಸ ಗೋಡೆಗಳಲ್ಲಿ ಮೊದಲ ವರ್ಷ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುವುದುಂಟು. ಕಲ್ಲಿನ ಕೆಲಸ, ನೀರಿನ ಪೈಪು, ಕೂಲರಿನ ಪಾಯಿಂಟು, ಬಚ್ಚಲಿನ ಹಿಡಿಕೆ ಇವನ್ನು ನೆಲ ಹಾಸುವುದರ ಜೊತೆಯಲ್ಲೇ ಮುಗಿಸಿರಿ. ಗೋಡೆಗೆ ಸದ್ಯ ಒಂದು ಸುತ್ತು ಬಣ್ಣ ಸಾಕು. ಗೋಡೆಗೆ ಅಂಟಿಸಿ ಮಾಡುವ ದೊಡ್ಡ ಕಪಾಟುಗಳನ್ನು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಮಾಡಿಸಿರಿ. ಪಡುವಣ ಗೋಡೆಯ ಕಪಾಟಿನ ಜಾಗದಲ್ಲಿ ಅಲ್ಲಿಯವರೆಗೆ ಸ್ವಂತ ಕಾಲಿನ ಮೇಲೆ ನಿಲ್ಲುವ ಕಪಾಟು ಇರಲಿ. ಅಷ್ಟರಲ್ಲಿ ಹೊಸ ಮನೆಯಲ್ಲಿ ನಿಮ್ಮ ವಸ್ತುಗಳು ಎಲ್ಲೆಲ್ಲಿ ಸೇರುತ್ತವೆ ಎಂಬುದೂ ನಿಮಗೆ ತಿಳಿದಿರುತ್ತದೆ.

ಮಾವನವರ ಸಾಗುವಾನಿ ಕಪಾಟನ್ನು ಖಂಡಿತ ಇಟ್ಟುಕೊಳ್ಳಿ, ನಾನು ಈಗ ಹೇಳಿದ ಪಡುವಣ ಗೋಡೆಗೆ ಅದೇ ಸರಿಯಾದದ್ದು. ಇಂದು ಅಂಥ ಮರವನ್ನು ಕೊಳ್ಳಹೋದರೆ ಅದರ ಬೆಲೆಯಲ್ಲಿ ಅರ್ಧ ಅಡುಗೆಮನೆ ಆಗುತ್ತದೆ. ತರಿಸುವ ಮೊದಲು ಅದರ ಅಗಲ ಎತ್ತರ ಅಳೆದು, ನಿಮ್ಮ ಬಾಗಿಲಿನಲ್ಲಿಯೂ ಒಳದಾರಿಯ ತಿರುವಿನಲ್ಲಿಯೂ ಹಾಯುತ್ತದೆಯೇ ನೋಡಿಕೊಳ್ಳಿ. ಹಾಯದಿದ್ದರೆ ಹಳೆಯ ಕಪಾಟುಗಳ ತಲೆಪಟ್ಟಿ ಮತ್ತು ಪೀಠವನ್ನು ಸಾಮಾನ್ಯವಾಗಿ ಬಿಚ್ಚಲು ಬರುತ್ತದೆ, ಅನುಭವಿ ಬಡಿಗರಿಂದಲೇ ಬಿಚ್ಚಿಸಿರಿ. ಕಾಲುಗಳ ಕೆಳಗೆ ಎರಡು ಇಂಚಿನ ಫರ್ಸಿ ತುಂಡುಗಳನ್ನು ಕೊಡಿ, ಬೆನ್ನಿಗೂ ಗೋಡೆಗೂ ಮೂರು ಇಂಚು ಅಂತರ ಬಿಡಿ. ಹೀಗಿಟ್ಟರೆ ನೆಲ ತೊಳೆದ ನೀರು ಮರಕ್ಕೆ ತಾಕುವುದಿಲ್ಲ, ಗೆದ್ದಲು ಏರಿದರೆ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಬಾಗಿಲುಗಳ ಒಳಮೈಗೆ ಹೊಸ ಹಲಗೆ ಸೇರಿಸುವ ಮೊದಲು ಅತ್ತೆಯವರನ್ನು ಒಮ್ಮೆ ಕೇಳಿ. ಯಾವ ಖಾನೆಯಲ್ಲಿ ಏನಿಡುತ್ತಿದ್ದರು, ಯಾವ ಎತ್ತರ ಅವರ ಕೈಗೆ ಸುಲಭವಾಗಿ ಸಿಗುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.